ಎಡಗಡೆಯ ಸ್ಕ್ರೀನ್

ಕಂಪ್ಯೂಟರ್ ರಿಪೇರಿಯ ವೈರಣ್ಣನಿಗೆ ಎರಡು ಚಟ. ಒಂದು, ಯಾರೇ ಫೋನ್ ಮಾಡಲಿ, ಮೊದಲು ಗಡಿಯಾರ ನೋಡಿ ಜೇಬಿನ ಪುಸ್ತಕದಲ್ಲಿ ಹೊತ್ತು ಬರೆದುಕೊಳ್ಳುವುದು. ಇನ್ನೊಂದು, ದೂರು ಕೊಟ್ಟವರ ಮಾತು ನಂಬದೇ ಇರುವುದು. "ಮಷೀನು ಸುಳ್ಳು ಹೇಳಲ್ಲ, ಕೆಟ್ಟಿರೋದು ಯಾವಾಗ್ಲೂ ಅದರ ಮುಂದೆ ಕೂತೋರೇ" ಎಂದು ಕಂಡಕಂಡವರಿಗೆಲ್ಲ ಉಪದೇಶ ಬೇರೆ. ವೈರಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಹೆಗಲ ಮೇಲೆ ಸದಾ ವೈರಿನ ಸುರುಳಿ ನೇತಾಡುತ್ತದಲ್ಲ, ಅದರಿಂದ ಅಂಟಿಕೊಂಡದ್ದು.

ಆ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಫೋನ್ ಮಾಡಿದವರು ಅಕ್ಕನ ಗಂಡ. ಕಟ್ಟಡಗಳ ನಕ್ಷೆ ಬರೆಯುವುದು ಭಾವನ ಕೆಲಸ. ಎಡಗಡೆಯ ಸ್ಕ್ರೀನಿನಲ್ಲಿ ಹಳೆಯ ನಕ್ಷೆ ಇಟ್ಟುಕೊಂಡು ಬಲಗಡೆಯದರಲ್ಲಿ ಹೊಸದು ಬರೆಯುತ್ತಾರೆ.

"ಲೋ, ಎಡಗಡೆ ಸ್ಕ್ರೀನ್ ಹೋಯ್ತು ಕಣೋ. ಕಂಪ್ಯೂಟರ್ ಅದನ್ನ ಗುರುತೇ ಹಿಡೀತಿಲ್ಲ ಅನ್ಸುತ್ತೆ. ಹನ್ನೆರಡಕ್ಕೆ ಶಾಲೆ ನಕ್ಷೆ ಕಳಿಸ್ಬೇಕು, ಇಲ್ದಿದ್ರೆ ಕೆಲಸ ಬೇರೆಯವನ ಪಾಲು."

"ವೈರ್ ಕಿತ್ತು ಮತ್ತೆ ಹಾಕಿ ನೋಡಿ ಭಾವ."

ಅತ್ತ ಏನೋ ಸರಪರ ಸದ್ದಾಯಿತು. "ಹಾಕ್ದೆ. ಇಲ್ಲಪ್ಪ, ಕಪ್ಪಗೇ ಇದೆ."

ವೈರಣ್ಣ ವ್ಯಾನ್ ಹತ್ತಿದ. ಆ ಶಾಲೆಯ ಕೆಲಸಕ್ಕಾಗಿ ಭಾವ ಆರು ತಿಂಗಳು ಎಷ್ಟು ಒದ್ದಾಡಿದ್ದರೆಂದು ಅವನಿಗೆ ಗೊತ್ತಿತ್ತು. ಅದೂ ಅಲ್ಲದೆ, ಹದಿನೈದನೇ ವಯಸ್ಸಿನಲ್ಲಿ ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಬಿಚ್ಚು, ಕೆಟ್ಟರೆ ನಾನಿದ್ದೀನಿ" ಎಂದು ತಮ್ಮ ಕಂಪ್ಯೂಟರನ್ನೇ ಮುಂದಿಟ್ಟವರು ಈ ಭಾವ. ಇಂಥವರ ಕೆಲಸ ಕೈತಪ್ಪಲು ಬಿಡುವುದುಂಟೇ?

ಹತ್ತೂಕಾಲಿಗೆ ಒಳಗೆ ಕಾಲಿಟ್ಟವನಿಗೆ ನಗು ತಡೆಯಲಾಗಲಿಲ್ಲ. ಭಾವ ಮೇಜಿನ ಮುಂದೆ ಕೂತಿದ್ದರು. ಬಲಗೆನ್ನೆ ನುಣ್ಣಗೆ ಹೊಳೆಯುತ್ತಿತ್ತು, ಎಡಗೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಹಪ್ಪಳವಾಗಿತ್ತು.

"ಏನ್ ಭಾವ, ಬ್ಲೇಡು ಅರ್ಧಕ್ಕೇ ಸವೆದುಹೋಯ್ತಾ?"

"ನುಣ್ಣಗೆ ಮಾಡ್ಕೊಂಡಿದ್ದೀನಲ್ಲೋ. ನಿಂಗೆ ಹೊಟ್ಟೆಕಿಚ್ಚು."

"ಇವತ್ತು ಅವರ ತಲೆ ತುಂಬ ಶಾಲೆ ಕಣೋ, ಗಡ್ಡ ನೆನಪಿರುತ್ತಾ?" ಎಂದು ಅಡುಗೆಮನೆಯಿಂದ ಅಕ್ಕನೂ ದನಿಗೂಡಿಸಿದಳು. ಮೂವರೂ ನಕ್ಕರು. ಆ ನಗುವಿಗಾಗಿ ವೈರಣ್ಣ ಇವತ್ತಿಗೂ ತನ್ನನ್ನು ತಾನು ಕ್ಷಮಿಸಿಕೊಂಡಿಲ್ಲ.

ಎಡಗಡೆಯ ಸ್ಕ್ರೀನ್ ಕಪ್ಪಗೇ ಇತ್ತು, ಅದು ನಿಜ. ಕಂಪ್ಯೂಟರ್ ಇದ್ದದ್ದು ಮೇಜಿನ ಅಡಿ, ಗೋಡೆಯ ಮೂಲೆಯಲ್ಲಿ. ವೈರಣ್ಣನ ಹೊಟ್ಟೆ ಸಣ್ಣದಲ್ಲ, ಮೊಣಕಾಲು ಬೇರೆ ಕೈಕೊಟ್ಟಿದೆ. ಒಮ್ಮೆ ನುಗ್ಗಿದರೆ ಕೆಲಸ ಮುಗಿಸಿಯೇ ಹೊರಗೆ ಬರುವುದೆಂದು ಟಾರ್ಚ್ ಹಿಡಿದು ತೆವಳಿದ. ನೋಡಿದರೆ ಸ್ಕ್ರೀನಿನ ವೈರು ಗಾಳಿಯಲ್ಲಿ ತೂಗಾಡುತ್ತಿದೆ!

"ಹಾಕ್ದೆ ಅಂದ್ರಿ? ಇಲ್ಲಿ ನೇತಾಡ್ತಿರೋದೇನು ಮತ್ತೆ?"

"ಹಾಕಿದ್ನಲ್ಲೋ."

ಸುಳ್ಳು! ವೈರಣ್ಣ ವೈರು ಸಿಕ್ಕಿಸಿದ. "ಬಂತಾ?"

"ಇಲ್ಲ."

ಹೆಗಲ ಸುರುಳಿಯಿಂದ ಹೊಸ ವೈರು ತೆಗೆದು ಹಾಕಿದ. "ಈಗ?"

"ಊಹೂಂ."

ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಅದು ಏಳುವ ತನಕ ಧೂಳು ಕುಡಿಯುತ್ತ, ಸೀನುತ್ತ ಬಿದ್ದಿದ್ದ. ಟಾರ್ಚಿನ ಬೆಳಕಿನಲ್ಲಿ ಭಾವನ ಪಾದಗಳು ಕಂಡವು. ಬಲಗಾಲಲ್ಲಿ ಚಪ್ಪಲಿ ಇದೆ, ಎಡಗಾಲಲ್ಲಿಲ್ಲ. ಒಳ್ಳೇ ಮರೆಗುಳಿ ಮಾರಾಯರು ಅಂದುಕೊಂಡ, ಅಷ್ಟೆ. ಕೊನೆಗೆ ಎರಡೂ ವೈರುಗಳನ್ನು ಅದಲುಬದಲು ಮಾಡಿದ. ಚೆನ್ನಾಗಿರುವುದರ ಜಾಗಕ್ಕೆ ಕೆಟ್ಟದ್ದನ್ನು ಹಾಕಿ ನೋಡಿದರೆ ದೋಷ ಎಲ್ಲಿದೆಯೋ ಅಲ್ಲೇ ಸಿಕ್ಕಿಬೀಳುತ್ತದೆ. ಇದು ಅವನ ಕಸುಬಿನ ಮೊದಲ ಪಾಠ.

"ಬಲಗಡೆದು?"

"ಚೆನ್ನಾಗಿದೆ."

"ಎಡಗಡೆದು?"

"ಇಲ್ಲ ಅಂತ ಎಷ್ಟ್ ಸಲ ಹೇಳ್ಬೇಕೋ? ಹೊತ್ತಾಯ್ತು!"

ಹಾಗಾದರೆ ಸ್ಕ್ರೀನೇ ಸತ್ತಿದೆ. ವ್ಯಾನಿನಿಂದ ಬೇರೆಯದು ತಂದರಾಯಿತೆಂದು ವೈರಣ್ಣ ಹಿಂದಕ್ಕೆ ತೆವಳಿ, ತಲೆ ಬಡಿಸಿಕೊಂಡು, ಬೈಯುತ್ತ ಎದ್ದ.

ಎರಡು ಸ್ಕ್ರೀನೂ ಉರಿಯುತ್ತಿದ್ದವು. ಎಡಗಡೆಯದರ ತುಂಬ ಬೆಳಕು!

ಅವನಿಗೆ ಮೈಯೆಲ್ಲ ಉರಿದುಹೋಯಿತು. "ತಮಾಷೆನಾ ಭಾವ? ಅರ್ಧ ಗಂಟೆ ನನ್ನ ಆ ಬಿಲದಲ್ಲಿ ಹೊರಳಾಡ್ಸಿದ್ರಲ್ಲ!"

"ಎಂಥ ತಮಾಷೆ? ಬರ್ಲಿಲ್ಲ ಅಂದ್ರೆ ಬರ್ಲಿಲ್ಲ." ಭಾವ ಅವನ ಕಡೆ ತಿರುಗಲೇ ಇಲ್ಲ. ಕಣ್ಣು ಬಲಗಡೆಯ ಸ್ಕ್ರೀನಿಗೇ ನೆಟ್ಟಿತ್ತು. ಅದರಲ್ಲಿ ಅವರು ಬೆಳಗಿನಿಂದ ಬರೆದ ಶಾಲೆ. ಬಲಭಾಗದ ಕೋಣೆಗಳಿಗೆಲ್ಲ ಕಿಟಕಿ ಇದ್ದವು, ಬಾಗಿಲಿದ್ದವು. ಎಡಭಾಗ ಬೋಳುಬೋಳು.

ವೈರಣ್ಣನ ಕಣ್ಣು ನಕ್ಷೆಯಿಂದ ಭಾವನ ಎಡಗೆನ್ನೆಗೆ, ಅಲ್ಲಿಂದ ಚಪ್ಪಲಿಯಿಲ್ಲದ ಎಡಗಾಲಿಗೆ ಹೋಯಿತು. ಸಿಟ್ಟು ಎಲ್ಲಿ ಹೋಯಿತೋ. ಭಾವ ಕೂತಿದ್ದ ಕುರ್ಚಿಯನ್ನು ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದ, ಆ ಸ್ಕ್ರೀನ್ ಅವರ ಬಲಗಡೆಗೆ ಬರುವ ತನಕ.

"ಓ, ಬಂತು ನೋಡು! ಭೇಷ್! ಏನ್ಮಾಡ್ದೆ?" ಭಾವನ ಮುಖ ಅರಳಿತು. ಅರಳಿದ್ದು ಅರ್ಧ ಮಾತ್ರ. ನೊರೆ ಒಣಗಿದ್ದ ಅರ್ಧ ಅಲುಗಲಿಲ್ಲ.

"ಭಾವ," ಎಂದ ವೈರಣ್ಣ, "ಎರಡೂ ಕೈ ಮೇಲೆತ್ತಿ."

ಬಲಗೈ ಮೇಲೆ ಹೋಯಿತು. ಎಡಗೈ ತೊಡೆಯ ಮೇಲೆ ಬಿದ್ದೇ ಇತ್ತು.

"ಎರಡೂ, ಭಾವ."

"ಎತ್ತಿದ್ದೀನಲ್ಲೋ ಎರಡೂ! ಕಣ್ಣು ಕಾಣ್ಸಲ್ವಾ ನಿಂಗೆ?"

ಬಾಗಿಲಲ್ಲಿ ಅಕ್ಕ ಲೋಟ ಹಿಡಿದು ನಿಂತಿದ್ದಳು. ಲೋಟ ಜಾರಿ ಬಿತ್ತು. ಅವಳು ಆ ಎಡಗೈಯನ್ನೇ ನೋಡುತ್ತಿದ್ದಳು. ಆ ಸದ್ದಿಗೂ ಭಾವ ತಿರುಗಲಿಲ್ಲ.

ವ್ಯಾನಿನ ಸಾಮಾನನ್ನೆಲ್ಲ ರಸ್ತೆಗೆ ಎಸೆದು ಭಾವನನ್ನು ಮಲಗಿಸಿದರು. "ನಕ್ಷೆ ಕಣೋ, ಹನ್ನೆರಡಕ್ಕೆ" ಎಂದು ಅವರು ದಾರಿಯುದ್ದಕ್ಕೂ ಗೋಳಿಡುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದರು, ಮಿದುಳಿನ ಬಲಗಡೆ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಎಡಗಡೆಯ ಲೋಕವೇ ಇವರ ಪಾಲಿಗೆ ಇಲ್ಲ, ಇಲ್ಲ ಅನ್ನುವುದೂ ಇವರಿಗೆ ಗೊತ್ತಿಲ್ಲ.

"ಯಾವಾಗ ಶುರುವಾಯ್ತು? ಅಂದಾಜು ಹೇಳ್ಬೇಡಿ. ಹೊತ್ತು ಮೀರಿದ್ರೆ ಹೆಪ್ಪು ಕರಗಿಸೋ ಔಷಧಿ ಕೊಡೋ ಹಾಗಿಲ್ಲ."

"ಒಂಬತ್ತೂವರೆಗೆ ಶೇವಿಂಗಿಗೆ ಕೂತ್ರು," ಎಂದಳು ಅಕ್ಕ. "ಅಲ್ಲೀತನಕ ನನ್ನ ರೇಗಿಸ್ಕೊಂಡು ಚೆನ್ನಾಗೇ ಇದ್ರು."

ವೈರಣ್ಣ ಜೇಬಿನ ಪುಸ್ತಕ ತೆಗೆದು ಮುಂದೆ ಹಿಡಿದ. 'ಒಂಬತ್ತು ನಲವತ್ತು. ಭಾವ. ಎಡಗಡೆ ಬರ್ತಿಲ್ಲ.' ಡಾಕ್ಟರಮ್ಮ ಗಡಿಯಾರ ನೋಡಿ, "ಇನ್ನೂ ಹೊತ್ತಿದೆ" ಎಂದವರೇ ಒಳಗೆ ಓಡಿದರು. ಭಾವನ ಜೀವ ಉಳಿಯಿತು. ಆದರೆ ಮೇಜಿನಡಿ ಕಳೆದ ಆ ಅರ್ಧ ಗಂಟೆ? ಅದನ್ನು ವೈರಣ್ಣ ಯಾರ ಮುಂದೆ ಬರೆದು ತೋರಿಸಬೇಕು?

ಮೂರನೆಯ ದಿನ ಒಳಗೆ ಬಿಟ್ಟರು. ಅಕ್ಕ ಮಂಚದ ಬಲಕ್ಕೆ ಕೂತಿದ್ದಳು. ವೈರಣ್ಣ ಎಡಕ್ಕೆ ಸ್ಟೂಲ್ ಎಳೆದುಕೊಂಡು ಭಾವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

ಭಾವ ಅಕ್ಕನನ್ನು ಕೇಳಿದರು, "ನಿನ್ನ ತಮ್ಮ ಎಲ್ಲೇ? ಒಂದ್ಸಲನೂ ನೋಡೋಕೆ ಬರ್ಲಿಲ್ಲ. ಅವತ್ತು ರೇಗಿದ್ದಕ್ಕೆ ಬೇಜಾರಾಯ್ತೇನೋ ಅವನಿಗೆ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ವೈರಣ್ಣ ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ. ಭಾವ ಅತ್ತ ನೋಡಲಿಲ್ಲ. ಅವನು ಎದ್ದು, ಸ್ಟೂಲ್ ಎತ್ತಿಕೊಂಡು, ಸದ್ದಾಗದಂತೆ ಮಂಚ ಸುತ್ತಿ ಬಂದು ಬಲಗಡೆ ಅಕ್ಕನ ಪಕ್ಕ ಕೂತ.

"ಬಂದ್ಯೇನೋ!" ಎಂದರು ಭಾವ. "ಎಷ್ಟೊತ್ತೋ ನಿಂಗೆ ಬರೋಕೆ?"

"ಈಗ ಬಂದೆ ಭಾವ," ಎಂದ ವೈರಣ್ಣ.