ಕನ್ನಡಕಕ್ಕೆ ಕಟ್ಟಿದ ಚೀಟಿ

ಮನೆಯಲ್ಲಿ ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಅಮ್ಮ ಇಟ್ಟ ಹೆಸರು, ಸುಮ್ಮನೆ ಇಟ್ಟದ್ದಲ್ಲ. ನಲವತ್ತು ಗಂಟೆ ಸಮಾಜಸೇವೆ ಮಾಡಿ ಸಹಿ ಹಾಕಿಸಿಕೊಂಡು ಬನ್ನಿ ಎಂದು ಕಾಲೇಜಿನವರು ಹೇಳಿದಾಗ ಗೆಳತಿಯರು ಬಿಸಿಲಲ್ಲಿ ಗಿಡ ನೆಡಲು ಹೋದರು. ಇವಳು ಫ್ಯಾನು, ಕುರ್ಚಿ ಎರಡೂ ಇರುವ ಜಾಗ ಹುಡುಕಿಕೊಂಡಳು: ವಾಚನಾಲಯದ ಹಿಂದಿನ ಕೋಣೆ. ಜನ ಬಳಸಿ ಬಿಟ್ಟ ಕನ್ನಡಕಗಳನ್ನು ಅಲ್ಲಿ ತೊಳೆದು, ನಂಬರ್ ನೋಡಿ, ಬೇಕಾದವರಿಗೆ ಪುಕ್ಕಟೆ ಕೊಡುತ್ತಿದ್ದರು. ಕಾಲೇಜಿನ ಫಾರಂನಲ್ಲಿ ‘ಸೇವೆಗೆ ಕಾರಣ’ ಎಂಬ ಸಾಲನ್ನು ಅವಳು ಖಾಲಿ ಬಿಟ್ಟಿದ್ದಳು. ಫ್ಯಾನು ಎಂದು ಬರೆಯಲಾದೀತೇ?

ಮೂವತ್ತೆಂಟು ಗಂಟೆ ಮುಗಿದಿತ್ತು. ಆಗ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಬಂದು, ಹೋದ ಶನಿವಾರ ಒಯ್ದಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟರು.

“ಇದನ್ನ ಬೇರೆ ಯಾರಿಗಾದ್ರೂ ಕೊಡಮ್ಮ. ನನ್ನ ಕಣ್ಣೇ ಹೋಗಿದೆ, ಪಾಪ ಕನ್ನಡಕ ಏನು ಮಾಡುತ್ತೆ? ಸೂಜಿಗೆ ದಾರ ಹಾಕೋಕೂ ಆಗ್ತಿಲ್ಲ. ಮಷಿನ್ ಮಾರ್ತಿದೀನಿ. ಸಂಜೆ ಒಯ್ಯೋಕೆ ಬರ್ತಾರೆ.”

ಮೂವತ್ತು ವರ್ಷ ತುಳಿದ ಮಷಿನ್. ಹೇಳುತ್ತಿದ್ದಾಗಲೂ ಅವರ ಬಲಗಾಲು ನೆಲದ ಮೇಲೆ ತಾನಾಗಿಯೇ ಆಡುತ್ತಿತ್ತು.

ಕನ್ನಡಕದ ಕಡ್ಡಿಗೆ ಕಟ್ಟಿದ್ದ ಚೀಟಿಯ ಮೇಲಿದ್ದದ್ದು ಗಡಿಬಿಡಿಯದೇ ಅಕ್ಷರ: ಪ್ಲಸ್ ಎರಡೂವರೆ. ಸುಮ್ಮನೆ ಮತ್ತೊಮ್ಮೆ ನಂಬರ್ ನೋಡುವ ಯಂತ್ರಕ್ಕಿಟ್ಟಳು. ಬರೀ ಅರ್ಧ! ತಾನು ಮಾಡಿದ್ದು ಅವಳಿಗೆ ನೆನಪಾಯಿತು.

ಒಂದನ್ನು ತೊಳೆದು, ಒರೆಸಿ, ನಂಬರ್ ನೋಡಿ, ಚೀಟಿ ಕಟ್ಟಿದ ಮೇಲೇ ಇನ್ನೊಂದನ್ನು ಮುಟ್ಟಬೇಕು ಎಂಬುದು ಅಲ್ಲಿನ ನಿಯಮ. ಆದರೆ ಇದನ್ನು ತೊಳೆದ ದಿನ ಅವಳಿಗೆ ಸಿನಿಮಾಕ್ಕೆ ಹೊತ್ತಾಗಿತ್ತು. ಎಂಟು ಕನ್ನಡಕಗಳ ನಂಬರನ್ನೂ ಒಟ್ಟಿಗೆ ನೋಡಿ, ಸಾಲಾಗಿ ಚೀಟಿ ಬರೆದಿಟ್ಟು, ಕನ್ನಡಕಗಳನ್ನು ತೊಳೆದು ಅದೇ ಸಾಲಿನಲ್ಲಿ ಟವೆಲ್ ಮೇಲೆ ಜೋಡಿಸಿದ್ದಳು. ಬೇಗ ಒಣಗಲೆಂದು ಟವೆಲನ್ನೇ ಫ್ಯಾನಿನ ಕಡೆಗೆ ತಿರುಗಿಸಿದ್ದಳು. ಸಾಲಿನ ಬಾಲ ತಲೆಯಾಗಿತ್ತು. ಅದು ಗೊತ್ತಾಗದೆ ಎಡದಿಂದ ಚೀಟಿ ಕಟ್ಟಿಕೊಂಡು ಹೋಗಿದ್ದಳು. ಪುಣ್ಯಕ್ಕೆ ಹೊರಗೆ ಹೋದದ್ದು ಇದೊಂದೇ.

“ಅಜ್ಜಿ, ಹೋದ ಶನಿವಾರ ಇದನ್ನ ಹಾಕ್ಕೊಂಡು ಅಕ್ಷರದ ಕಾರ್ಡ್ ಓದಿ ಸರಿಯಾಗಿದೆ ಅಂದ್ರಲ್ಲ?”

ಟೈಲರಮ್ಮ ತಲೆ ತಗ್ಗಿಸಿದರು. “ಟೇಪಿನ ಅಂಕಿ ಬಿಟ್ರೆ ನಂಗೆ ಓದೋಕೆಲ್ಲಿ ಬರುತ್ತೆ? ನಾಲ್ಕು ಜನರ ಮುಂದೆ ಹೇಳೋಕೆ ನಾಚಿಕೆ ಆಯ್ತು. ಕಾಣುತ್ತೆ ಅಂದುಬಿಟ್ಟೆ.”

ಸದ್ದಿಲ್ಲದೆ ಬದಲಾಯಿಸಿ ಕೊಟ್ಟುಬಿಡಬಹುದಿತ್ತು. ಸಹಿ ಹಾಕಬೇಕಾದ ತಾತ, ಒಂದು ಕಾಲದಲ್ಲಿ ಕನ್ನಡಕದ ಅಂಗಡಿ ನಡೆಸಿದವರು, ಕಿಟಕಿಯ ಬಳಿ ಸ್ಕ್ರೂ ಬಿಗಿಯುತ್ತಿದ್ದರು. ಇನ್ನು ಎರಡೇ ಗಂಟೆ ಬಾಕಿ. ಆದರೆ ಆ ಕಾಲು ಇನ್ನೂ ಆಡುತ್ತಲೇ ಇತ್ತು. ನೋಡಲಾಗಲಿಲ್ಲ.

“ತಾತ, ತಪ್ಪು ನಂದು. ಎಂಟನ್ನೂ ಒಟ್ಟಿಗೆ ತೊಳೆದೆ.”

“ಒಟ್ಟಿಗೆ ತೊಳೆದ್ಯಾ! ಏನ್ ತಾಯಿ, ಬಸ್ಸು ಹೊರಟುಹೋಗ್ತಿತ್ತಾ?” ತಾತ ಅವಳಿಗೆ ಚೆನ್ನಾಗಿಯೇ ಮಂಗಳಾರತಿ ಮಾಡಿದರು. ಆಮೇಲೆ ಹಣೆ ಚಚ್ಚಿಕೊಂಡರು. “ನಾನೇನು ಮಹಾ ಬುದ್ಧಿವಂತ? ಹೊಲಿಯೋರ ಕೈಗೆ ಓದೋ ಕಾರ್ಡ್ ಕೊಟ್ಟಿದೀನಿ.”

ಸಾಲು ತಿರುಗಿದ್ದರಿಂದ ಎರಡರ ಚೀಟಿ ಅದಲುಬದಲಾಗಿರಬೇಕು. ಗಡಿಬಿಡಿ ತೊಳೆದ ಕನ್ನಡಕಗಳ ಡಬ್ಬಿಯಲ್ಲಿ ‘ಅರ್ಧ’ ಎಂಬ ಚೀಟಿಯದನ್ನು ಹುಡುಕಿ ಯಂತ್ರಕ್ಕಿಟ್ಟಳು. ಎರಡೂವರೆ! ಟೈಲರಮ್ಮ ಅದನ್ನು ಹಾಕಿಕೊಂಡು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ, ಅದಕ್ಕೆ ಸುತ್ತಿದ್ದ ದಾರ ತೆಗೆದು, ದಾರದ ತುದಿಯನ್ನು ತುಟಿಗೆ ಒತ್ತಿ ಹಿಡಿದರು. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು.

“ಅಯ್ಯೋ, ಕಣ್ಣಿದೆ ಕಣೇ! ನನ್ನ ಕಣ್ಣಿದೆ!” ನಗುತ್ತಲೇ ಅತ್ತರು. ಗಡಿಬಿಡಿಯೂ ಅತ್ತಳು, ಎದೆಯ ಮೇಲಿಂದ ಚಪ್ಪಡಿ ಕಲ್ಲು ಇಳಿಸಿದಂತಾಗಿತ್ತು. ಟೈಲರಮ್ಮ ಅಲ್ಲಿಂದಲೇ ಸೊಸೆಗೆ ಫೋನ್ ಮಾಡಿದರು. “ಬರೋರಿಗೆ ಬೇಡ ಅಂದುಬಿಡು. ಮಷಿನ್ ಮೇಲಿರೋದೆಲ್ಲ ತೆಗೆದಿಡು, ಬಂದೆ.”

ಅವರು ಹೋದ ಮೇಲೆ ತಾತ ಓದುವ ಕಾರ್ಡಿನ ಪಕ್ಕದಲ್ಲಿ ಒಂದು ಸೂಜಿ, ಒಂದು ದಾರದ ಉಂಡೆ ಇಟ್ಟರು. “ಕೊಡು ಆ ಫಾರಂ, ಸಹಿ ಹಾಕ್ತೀನಿ. ಕಾರಣ ಯಾಕೆ ಬರೆದಿಲ್ಲ?”

ಅವಳು ಪೆನ್ನು ತೆಗೆದು ಬರೆದಳು: ಇನ್ನೂ ಏಳು ಕನ್ನಡಕಗಳ ಚೀಟಿ ಬಿಚ್ಚಿ ಕಟ್ಟುವುದಿದೆ.

“ಒಂದೊಂದೇ ಮಾಡಿದ್ರೆ ಎರಡು ಗಂಟೆ ಸಾಲಲ್ಲ,” ಎಂದರು ತಾತ.

“ಮುಂದಿನ ಶನಿವಾರಾನೂ ಬರ್ತೀನಿ ತಾತ,” ಎಂದ ಗಡಿಬಿಡಿ, ಡಬ್ಬಿಯಿಂದ ಒಂದೇ ಒಂದು ಕನ್ನಡಕ ತೆಗೆದುಕೊಂಡು ನಲ್ಲಿಯ ಕಡೆ ನಡೆದಳು.