ಎರಡನೇ ಸಲ ಹೋದ ಸಂದೇಶ

ಪೆಸಿಫಿಕ್ ದ್ವೀಪದ ಊರಾದ ನುಕುಅಲೋಫಾದ ಆ ಪುಟ್ಟ ಕಚೇರಿಗೆ ಇರುವುದು ಒಂದೇ ಕೆಲಸ. ಹಣ್ಣು ಕೀಳಲು ಆಸ್ಟ್ರೇಲಿಯಾಕ್ಕೆ ಹೋದವರಿಗೆ ಮನೆಯವರು ಅದರ ವೆಬ್‌ಸೈಟಿನಲ್ಲಿ ಸಂದೇಶ ಬರೆಯುತ್ತಾರೆ, ಬರೆದದ್ದು ಡೇಟಾಬೇಸಿಗೆ ಸೇರಿದ ಕೂಡಲೇ ಆಚೆಯವರ ಫೋನಿಗೆ ತಾನಾಗಿ ಹೋಗುತ್ತದೆ, ಅವರ ಉತ್ತರವೂ ಅಲ್ಲೇ ಬಂದು ಸೇರುತ್ತದೆ. ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಈ ಕಳಿಸುವ ಏರ್ಪಾಟನ್ನು ಮೊದಲು ಬಂದ್ ಮಾಡಬೇಕು, ಇಲ್ಲದಿದ್ದರೆ ಹಳೆಯ ಸಂದೇಶಗಳೆಲ್ಲ ಇನ್ನೊಂದು ಸಲ ಹೋಗಿಬಿಡುತ್ತವೆ. ಅಲ್ಲಿ ಕೆಲಸ ಮಾಡುವ ಲೆಸಿಯೆಲಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಸಾಗಿಸಬೇಕಾದವಳು ಓದುತ್ತ ಕೂತುಬಿಟ್ಟಳು.

ಓದಿದ್ದು ಆಸ್ಟ್ರೇಲಿಯಾದಲ್ಲಿರುವ ಗಂಡ ಸೆಮಿಸಿಗೆ ತಾನೇ ಹಿಂದೆ ಬರೆದದ್ದು. 'ಭಾನುವಾರ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಲೂ ಬೇಯಿಸಿದ್ದೆ. ನಿನ್ನ ಪಾಲು ತೆಗೆದಿಟ್ಟೆ, ಕೊನೆಗೆ ನಾಯಿಗೆ ಹಾಕಿದೆ. ಯಾವಾಗ ಬರ್ತೀಯ?' ಅದಕ್ಕೆ ಉತ್ತರ ಬಂದಿರಲಿಲ್ಲ, ಆಮೇಲೂ ಒಂದಕ್ಕೂ ಬರಲಿಲ್ಲ. ಅವನಿಗೆ ಅಲ್ಲೊಬ್ಬಳು ಸಿಕ್ಕಿದ್ದಾಳೆಂದು ಚರ್ಚಿನ ಅಂಗಳದಲ್ಲಿ ಹೆಂಗಸರು ಆಡಿಕೊಂಡರು. ಇವಳು ಮಾತ್ರ ಮೂರ್ಖಳ ಹಾಗೆ ಇನ್ನೂ ಕಾಯುತ್ತಿದ್ದಳು. ಕಣ್ಣೊರೆಸಿಕೊಂಡು, ಏರ್ಪಾಟನ್ನು ಮರೆತು, ಸಾಗಣೆ ಶುರು ಮಾಡಿದಳು.

ಸ್ವಲ್ಪ ಹೊತ್ತಿಗೇ ತೋಟಗಳಿಂದ ಕರೆಗಳು ಶುರುವಾದವು. ಶಾಲೆಗೆ ಹೋಗುವ ಮಗನಿಗೆ ಮೊದಲ ಹಲ್ಲು ಬಂದ ಸುದ್ದಿ ಒಬ್ಬನಿಗೆ. ಮಣ್ಣು ಮಾಡಿದ ತಾಯಿಗೆ ಕೆಮ್ಮು ವಾಸಿಯಾದ ಸುದ್ದಿ ಇನ್ನೊಬ್ಬನಿಗೆ. ಅವನು ಮರದ ಕೆಳಗೆ ಕೂತು ಅಳುತ್ತಿದ್ದಾನಂತೆ. ಲೆಸಿಯೆಲಿ ಸಾಗಣೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

ಕಚೇರಿಯ ಹಿರಿಯ ಕೆಪು ತಲೆ ಮೇಲೆ ಕೈಹೊತ್ತು ಬಂದ. "ಹೊಸದನ್ನ ಪೂರ್ತಿ ಖಾಲಿ ಮಾಡಮ್ಮ. ಮೊದಲಿಂದ ತುಂಬು. ಈ ಸಲನಾದ್ರೂ ಮೈಮೇಲೆ ಎಚ್ಚರ ಇರಲಿ."

ಅಳಿಸುವ ಮುಂಚೆ ಅವಳು ಕೊನೆಯ ಸಾಲಿನ ಮೇಲೆ ಕಣ್ಣು ಹಾಯಿಸಿದಳು. ಹಳೆಯ ಡೇಟಾಬೇಸಿನಲ್ಲಿ ಇಲ್ಲದ ಸಾಲು, ಈಗಷ್ಟೇ ಆ ಕಡೆಯಿಂದ ಬಂದು ಸೇರಿದ್ದು. ಬರೆದವನು ಸೆಮಿಸಿ.

'ನನ್ನ ಪಾಲು ಈಗಲೂ ತೆಗೆದಿಡ್ತೀಯಾ?'

ಪಾಪ, ಅವಳ ಆ ಹಳೆಯ ಸಂದೇಶವನ್ನು ಇವತ್ತೇ ಬರೆದದ್ದೆಂದು ತಿಳಿದಿದ್ದಾನೆ. ಬರೆದವಳು ಆಗ ಎಷ್ಟು ಕಾದಿದ್ದಳೋ ಈಗಲೂ ಅಷ್ಟೇ ಕಾಯುತ್ತಿದ್ದಾಳೆ, ಹಾಗಾಗಿ ಅವನು ತಿಳಿದದ್ದು ತಪ್ಪೂ ಅಲ್ಲ.

"ಆಯ್ತಾ ಖಾಲಿ?" ಎಂದ ಕೆಪು.

"ಇಲ್ಲ ಕಣಣ್ಣ. ನಿಂತಲ್ಲಿಂದಲೇ ಮುಂದೆ ತುಂಬ್ತೀನಿ. ಬೈಯೋರು ಬೈಲಿ, ಇದನ್ನ ಮಾತ್ರ ಅಳಿಸಲ್ಲ."

ಕೆಪು ಬಗ್ಗಿ ಪರದೆ ನೋಡಿದ, ಹೋಗಿ ಮತ್ತೆ ಹೊಡೆದುಕೊಳ್ಳುತ್ತಿದ್ದ ಫೋನ್ ಎತ್ತಿಕೊಂಡ.

ಇನ್ನು ಅವಳು ಏರ್ಪಾಟನ್ನು ಬಂದ್ ಮಾಡಬೇಕಿತ್ತು. ಅದಕ್ಕೂ ಮೊದಲು ಒಂದು ಸಾಲು ಬರೆದಳು: 'ಇಡ್ತೀನಿ, ಬಾ.' ಅದು ಹೋಯಿತೆಂದು ಖಾತ್ರಿಯಾದ ಮೇಲೆಯೇ ಬಂದ್ ಮಾಡಿದಳು.