ಎಡಮಂಡಿ

ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಧೂಳಿಲ್ಲ, ಒರೆಸಲು ಹತ್ತಿದವನು ಅರ್ಧಕ್ಕೇ ಇಳಿದು ಕಾಫಿಗೆ ಹೋಗಿರಬೇಕು, ತಿಂಗಳಿಗೆ ತಲೆಗೆ ಇನ್ನೂರು ರೂಪಾಯಿ ತೆಗೆದುಕೊಂಡು ಒಂದು ಫ್ಯಾನು ಪೂರ್ತಿ ಒರೆಸಿಸಲಾರರು, ಇನ್ನೂರು ಫೀಸು, ಮುನ್ನೂರೈವತ್ತು ಈ ನೀಲಿ ಚಾಪೆಗೆ, ರಾಮಕೃಷ್ಣನಗರದಿಂದ ಸರಸ್ವತಿಪುರಂವರೆಗೆ ಹೊತ್ತು ಮೂಡುವ ಮುಂಚೆ ಬಂದ ತಪ್ಪಿಗೆ ಆಟೋದವನಿಗೆ ಒಂದೂವರೆ ಚಾರ್ಜು, ಇದೆಲ್ಲದರ ಮೇಲೆ ಪಕ್ಕದ ಮನೆ ನಾಗಮಣಿಯ ಹಂಗು ಬೇರೆ, ಅವಳ ಸೊಸೆಯ ಚೂಡಿದಾರ್ ಹಾಕಿಕೊಂಡು ಬಂದದ್ದಾಗಿದೆ — ಇಷ್ಟೆಲ್ಲ ಯಾತಕ್ಕೆ, ನೆಲದ ಮೇಲೆ ಅಂಗಾತ ಮಲಗುವುದಕ್ಕೆ. ಮಲಗುವುದನ್ನು ಯಾರಾದರೂ ಕಲಿಸಬೇಕೇ, ಮಂಜುಳಮ್ಮ ಹುಟ್ಟಿದಾಗಿನಿಂದ ಯಾರಿಗೂ ಫೀಸು ಕಟ್ಟದೆ ಮಲಗಿದ್ದಾಳೆ, ಬೆಲ್ಲದ ಮೂಟೆಗಳ ನಡುವೆ ಮಲಗಿದ್ದಾಳೆ, ಬಾಣಂತಿ ಕೋಣೆಯ ಹೊಗೆಯಲ್ಲಿ ಮಲಗಿದ್ದಾಳೆ, ಆದರೆ ಹೀಗೆ ಒಂದು ಕಣ್ಣು ತೆರೆದುಕೊಂಡು ಗಂಡನನ್ನು ಕಾಯುತ್ತಾ ಮಲಗಿದ್ದು ಇದೇ ಮೊದಲು. ಕಣ್ಣು ಮುಚ್ಚಿ ಅಂತ ಯೋಗ ಕಲಿಸುವ ರಮಾಮಣಿ ಮೇಡಂ ಎಲ್ಲರಿಗೂ ಹೇಳಿದ್ದಾರೆ, ನಲವತ್ತು ಜನ ಪೆದ್ದರ ಹಾಗೆ ಮುಚ್ಚಿದ್ದಾರೆ, ಬಾಗಿಲ ಹತ್ತಿರ ಅಷ್ಟೂ ಚಪ್ಪಲಿ, ಕಿಟಕಿ ಮೇಲೆ ಅಷ್ಟೂ ಪರ್ಸು ವಾಚು, ಗೋಡೆಗೆ ಎರಡು ಸಾವಿರದ ಎರಡರ ಕ್ಯಾಲೆಂಡರು, ಹೊಸ ವರ್ಷ ಬಂದು ಶಿವರಾತ್ರಿ ಕಳೆದರೂ ಬದಲಿಸಿಲ್ಲ, ಇಂಥ ಜಾಗದಲ್ಲಿ ಕಣ್ಣು ಮುಚ್ಚುವುದು ಹೇಗೆ. ಗಂಡಸರ ಸಾಲುಗಳು ಮುಂದೆ, ಹೆಂಗಸರು ಹಿಂದೆ, ನಡುವೆ ಎರಡು ಕಂಬ, ಎಡಗಡೆ ಕಂಬದ ಪಕ್ಕದಿಂದ ನೋಡಿದರೆ ಕಿಟಕಿ ಕೆಳಗೆ ಬಿಳಿ ಬನಿಯನ್ನು, ಬೂದು ಪ್ಯಾಂಟು, ಉಸಿರಿಗೊಮ್ಮೆ ಒಂದಿಷ್ಟು ಮೇಲೇಳುವ ಹೊಟ್ಟೆ, ಅದು ಏಕಾಂತಯ್ಯ. ಕನ್ನಡಕ ತೆಗೆದಿಟ್ಟಿದ್ದಾರೆ, ಹಿಂದೆ ಯಾರಿದ್ದರೂ ಕಾಣಿಸದು, ಕಂಡರೂ ಚೂಡಿದಾರ್ ಹಾಕಿಕೊಂಡವಳು ತನ್ನ ಹೆಂಡತಿ ಅಂತ ಆ ಮನುಷ್ಯ ಸತ್ತರೂ ನಂಬುವುದಿಲ್ಲ. ಬಾ ಮಂಜುಳಕ್ಕ, ನೀನೇ ಕಣ್ಣಾರೆ ನೋಡ್ಬುಡು, ನಮ್ಮ ಕ್ಲಾಸ್ನಲ್ಲಿ ಅಂಥಾದ್ದೇನೂ ಇಲ್ಲ ಅಂತ ನಾಗಮಣಿ ಕರೆದುಕೊಂಡು ಬಂದಿದ್ದು, ಅಂಥಾದ್ದು ಅಂದರೆ ಎಂಥಾದ್ದು ಅಂತ ಅವಳಿಗೂ ಗೊತ್ತು, ಅದಕ್ಕೇ ಬಾಯಿ ಬಿಟ್ಟು ಹೇಳಲಿಲ್ಲ.

ಪಾದಗಳನ್ನ ಗಮನಿಸಿ, ಇಷ್ಟು ವರ್ಷ ನಿಮ್ಮನ್ನ ಹೊತ್ತಿವೆ, ಮನಸ್ಸಿನಲ್ಲೇ ಅವಕ್ಕೆ ಧನ್ಯವಾದ ಹೇಳಿ, ಯಾವುದೂ ನಮ್ಮದಲ್ಲ, ಯಾವುದೂ ಉಳಿಯೋದಿಲ್ಲ, ಹಗುರವಾಗಿ ಬಿಟ್ಟುಬಿಡಿ — ರಮಾಮಣಿ ಮೇಡಂ ಮಾತು ಮೇಲಿನಿಂದ ಬರುತ್ತದೆ, ಸಂಸ್ಕೃತ ಪಾಠ ಹೇಳಿ ಪಳಗಿದ ದನಿ, ಮಂಜುಳಮ್ಮನ ಕಿವಿ ನೆಟ್ಟಗಾಗುತ್ತದೆ, ಓಹೋ, ಇಲ್ಲಿಂದಲೋ ಆ ಮಾತು ನಮ್ಮ ಮನೆಗೆ ಬಂದದ್ದು. ಹೋದ ಸೋಮವಾರ ಕಾಫಿ ಲೋಟ ಕೈಗೆ ಕೊಟ್ಟರೆ ಏಕಾಂತಯ್ಯ ಕುಡಿಯದೆ ಅವಳ ಮುಖ ನೋಡಿದರು, ನೋಡಿ, ನಿನ್ನಿಂದ ಭಾಳ ಉಪಕಾರ ಆಯ್ತು ಕಣೇ ಮಂಜುಳ ಅಂದರು. ಮೂವತ್ತಾರು ವರ್ಷದಲ್ಲಿ ಕಾಫಿ ಕುಡಿದು ಸಕ್ಕರೆ ಜಾಸ್ತಿ ಅಂದಿದ್ದಾರೆ, ಹಾಲು ಒಡೆದಿದೆ ಅಂದಿದ್ದಾರೆ, ಮಾತಾಡದೆ ಲೋಟ ಕೆಳಗಿಟ್ಟಿದ್ದಾರೆ, ಉಪಕಾರ ಅಂದಿರಲಿಲ್ಲ, ಬಾಡಿಗೆ ಮನೆ ಖಾಲಿ ಮಾಡುವವರು ಬೀಗದ ಕೈ ಕೊಡುವಾಗ ಆಡುವ ಮಾತು ಅದು. ಏನ್ರೀ, ಜ್ವರಗಿರ ಬಂದಿದ್ಯಾ ಅಂತ ಹಣೆ ಮುಟ್ಟಿದಳು, ತಣ್ಣಗಿತ್ತು, ಜ್ವರ ಇದ್ದಿದ್ದರೆ ಎಷ್ಟೋ ವಾಸಿ. ಅದಕ್ಕೂ ಮುಂಚೆ ವಾಚು, ಮದುವೆಯಲ್ಲಿ ಅವಳಪ್ಪ ಕೊಟ್ಟ ವಾಚನ್ನು ಬಿಚ್ಚಿ ಮಗ ಶಿವಕಿರಣನ ಕೈಗೆ ಕಟ್ಟಿದರು, ಸಂತೇಪೇಟೆಯ ಬೆಲ್ಲದ ಮಂಡಿಯನ್ನೇ ಅವನಿಗೆ ವಹಿಸಿಕೊಟ್ಟಾಗ ಇಲ್ಲದ ಕಣ್ಣೀರು ವಾಚು ಕೊಡುವಾಗ ಇತ್ತು, ಎಷ್ಟು ದಿನ ಇಟ್ಕೊಳ್ಳೋದು ಕಣೋ, ಯಾವ್ದು ಕಾಯಂ ಹೇಳು ಅಂದರು. ಆಮೇಲೆ ಜರಿ ಶಲ್ಯ, ಆಮೇಲೆ ಕೊಡೆ, ಒಳ್ಳೆಯ ಕೊಡೆ, ಹೂವಿನವಳಿಗೆ ಕೊಟ್ಟುಬಿಟ್ಟರು. ನಿಮ್ಮಪ್ಪ ಯಾಕೋ ಸರಿ ಇಲ್ಲ ಕಣೋ ಅಂತ ಮಗನಿಗೆ ಹೇಳಿದರೆ, ಯೋಗ ಮಾಡ್ತಾರೆ, ಶಾಂತವಾಗವ್ರೆ, ನಿಂಗೆ ಅದೂ ತಪ್ಪಾ ಬುಡಮ್ಮ ಅಂತ ನಕ್ಕ, ಅವನಿಗೇನು ಗೊತ್ತು, ಬೆಲ್ಲದ ಅಚ್ಚು ಮೂಸಿ ನೋಡಿ ಒಳಗೆ ಕಲ್ಲಿದೆಯೋ ಇಲ್ಲವೋ ಹೇಳುತ್ತಾನೆ, ಅಪ್ಪನ ಒಳಗೆ ಏನಿದೆ ಅಂತ ಮೂಸಿ ನೋಡಲು ಬಾರದು. ಮಧ್ಯಾಹ್ನ ಊಟವಾದ ಮೇಲೆ ಕೋಣೆಯ ಚಿಲಕ, ಅದನ್ನು ಮಗ ಕೇಳಿಸಿಕೊಂಡಿಲ್ಲ, ಚಿಲಕದ ಹಿಂದೆ ಉಸಿರು, ಏದುಸಿರು, ನಡುನಡುವೆ ಶಿವಾ ಅನ್ನುವ ನರಳು, ಬಾಗಿಲು ತೆಗೆದಾಗ ನೋವಿನೆಣ್ಣೆ ವಾಸನೆ, ಏನ್ ಮಾಡ್ತಿದ್ರಿ ಅಂದರೆ, ಏನಿಲ್ಲ, ಹಂಗೇ ಕೂತಿದ್ದೆ. ಸುಮ್ಮನೆ ಕೂತವರಿಗೆ ಬನಿಯನ್ನು ಒದ್ದೆಯಾಗುತ್ತದೆಯೇ. ಹಾಸಿಗೆ ಕೊಡವಲು ಎತ್ತಿದಾಗ ಸಿಕ್ಕಿತು ಅವಳದೇ ಹಳೇ ವಾಯಲ್ ಸೀರೆ, ಉದ್ದುದ್ದ ಸೀಳಿದ್ದು, ಸೀಳಿಗೊಂದು ಗಂಟು, ಎಳೆದೆಳೆದು ಕಲ್ಲಾದ ಗಂಟು, ನೋಡಿದವಳೇ ಕೈ ತೊಳೆದುಕೊಂಡು ಹಣೆಗೆ ವಿಭೂತಿ ಇಟ್ಟುಕೊಂಡಳು, ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಂಡಳು, ಅದಕ್ಕೂ ಮುಂಚೆ ಯಾವಳೋ ಇದ್ದಾಳೆ ಅಂದುಕೊಂಡಿದ್ದಳು. ಯಾವಳೋ ಅನ್ನುವುದು ಇವತ್ತು ಹಾಲ್‌ನ ಬಾಗಿಲಲ್ಲೇ ಮುಗಿಯಿತು, ಮೇಡಂಗೆ ಎಪ್ಪತ್ತು ದಾಟಿದೆ, ಕಿವಿಗೆ ಮಷೀನು, ಕುಪ್ಪಸಕ್ಕೆ ಪಿನ್ನು, ಪಾಪ, ಅವರಿಗೆ ಇವರನ್ನು ಕಟ್ಟಿಕೊಂಡು ಆಗಬೇಕಾದ್ದೇನು. ಉಳಿದದ್ದು ಒಂದೇ, ಆಗಿನಿಂದ ಹೆಸರಿಟ್ಟು ಕರೆಯಲು ಹೆದರುತ್ತಿರುವುದು — ಈ ಮನುಷ್ಯ ಮನೆ ಬಿಡುತ್ತಿದ್ದಾರೆ. ಮಠಕ್ಕೆ ಹೋಗಿ ಸೇರುತ್ತಾರೆ. ಇರುವುದನ್ನೆಲ್ಲ ಹಂಚುವುದು, ಉಪಕಾರ ಅನ್ನುವುದು, ಬಾಗಿಲು ಹಾಕಿಕೊಂಡು ಮೈ ದಂಡಿಸುವುದು, ಎಲ್ಲ ಹೊರಡುವವರ ಲಕ್ಷಣ, ಹೇಳದೆ ಹೋಗುವ ಪೈಕಿ ಅಲ್ಲ, ಹೇಳುವುದಕ್ಕೆ ಧೈರ್ಯ ತಂದುಕೊಳ್ಳುತ್ತಿದ್ದಾರೆ. ಹೋದ ಮೇಲೆ ನೆಂಟರು ಬಂದು ಪುಣ್ಯವಂತೆ ಕಣಮ್ಮ ನೀನು, ಎಂಥಾ ಗಂಡ ಅಂತ ಅವಳ ಕಾಲು ಮುಟ್ಟುತ್ತಾರೆ, ಮುಟ್ಟಿ ಊಟ ಮಾಡಿ ಹೋಗುತ್ತಾರೆ, ಅವಳು ಎರಡು ಜನರ ಹಾಸಿಗೆಯನ್ನು ಒಬ್ಬಳೇ ಕೊಡವಬೇಕು.

ಶುರುವಾದದ್ದು ಯಾವಾಗ, ಅದನ್ನು ಹಿಡಿದರೆ ಉಳಿದದ್ದು ತಾನಾಗಿ ಬಿಚ್ಚುತ್ತದೆ, ಕಾರ್ತಿಕದಲ್ಲಿ, ಹೌದು, ದೊಡ್ಡ ಭಾವ ಹೋದ ಮೇಲೆ, ಏಕಾಂತಯ್ಯನ ಅಣ್ಣ, ನಂಜನಗೂಡಿನವರು. ಆಸ್ಪತ್ರೆಯಲ್ಲಿ ಹೋದದ್ದು, ಮಗಳು ಗುಲ್ಬರ್ಗದಿಂದ ಬರುವವರೆಗೆ ಐಸಿನ ಪೆಟ್ಟಿಗೆಯಲ್ಲಿ ಇಟ್ಟರು, ಮಾರನೇ ಸಂಜೆ ಮನೆಗೆ ತಂದಾಗ ಹಲಗೆ ಇಳಿಸಿದ ಹಾಗೆ ಇಳಿಸಿದರು. ನಮ್ಮಲ್ಲಿ ಹಾಗೆ ಮಲಗಿಸಿ ಮಣ್ಣು ಮಾಡುವಂತಿಲ್ಲ, ಕೂರಿಸಬೇಕು, ಕಾಲು ಮಡಿಸಿ ಪೂಜೆಗೆ ಕೂತ ಹಾಗೆ ಕೂರಿಸಿ ಹಣೆಗೆ ವಿಭೂತಿ ಬಳಿದು ಅಂಗೈಯಲ್ಲಿ ಲಿಂಗ ಇಟ್ಟು, ಬಿದಿರು ಕಟ್ಟಿ ಹೂವು ಸುತ್ತಿದ ವಿಮಾನದಲ್ಲಿ ಕೂತೇ ಮೆರವಣಿಗೆ, ಕೂತೇ ಗುಂಡಿಗೆ ಇಳಿಯುವುದು, ಅಜ್ಜ ಹಾಗೆ ಹೋದರು, ಮಾವ ಹಾಗೆ ಹೋದರು, ಮಾವನಂತೂ ಮನೆಯಲ್ಲೇ ಉಸಿರು ಬಿಟ್ಟವರು, ಮೈ ಬಿಸಿಯಿರುವಾಗಲೇ ಕೂರಿಸಿದ್ದರು, ನಿದ್ದೆ ಬಂದವರ ಹಾಗಿದ್ದರು. ದೊಡ್ಡ ಭಾವನನ್ನು ಸ್ನಾನಕ್ಕೆ ಅಂತ ಒಳಕೋಣೆಗೆ ಒಯ್ದು ಬಾಗಿಲು ಹಾಕಿದರು, ಐನೋರು, ಇನ್ನಿಬ್ಬರು, ಏಕಾಂತಯ್ಯ. ಮಂಜುಳಮ್ಮ ವಿಭೂತಿ ತಟ್ಟೆ ಹಿಡಿದು ಬಾಗಿಲಾಚೆ ನಿಂತಿದ್ದಳು, ನೀರಿನ ಸದ್ದಿಲ್ಲ, ಪಿಸುಮಾತು, ಯಾರೋ ಹಿಡ್ಕೊಳಿ ಅಂದರು, ಆಮೇಲೆ ಲಟ್ ಅಂತ ಒಂದು ಸದ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಏಕಾಂತಯ್ಯ ಹೊರಗೆ ಬಂದು ನಲ್ಲಿ ಕೆಳಗೆ ಕೈ ಹಿಡಿದು ನಿಂತೇ ಇದ್ದರು, ಏನ್ರೀ ಅದು ಸದ್ದು ಅಂದಳು, ಬಿದಿರು ಕಣೇ, ವಿಮಾನಕ್ಕೆ ಬಿದಿರು ಮುರಿದ್ರು, ಅಂದರು, ಅವಳ ಕಡೆ ನೋಡಲಿಲ್ಲ. ಅಲ್ಲಿಂದ ಬಂದ ಹದಿನೈದು ದಿನಕ್ಕೆ ಯೋಗ, ಅಣ್ಣ ಹೋದ ವೈರಾಗ್ಯ, ಹಿಂಗೇ ಮಠದ ದಾರಿ ಹಿಡಿಯುವುದು ಎಲ್ಲರೂ. ನಿಧಾನವಾಗಿ ಬಲಕ್ಕೆ ತಿರುಗಿ ಎದ್ದು ಕೂತ್ಕೊಳ್ಳಿ ಅಂತ ಮೇಡಂ ಹೇಳಿದರು, ಪದ್ಮಾಸನ ಆಗೋರು ಪದ್ಮಾಸನ, ಆಗದೋರು ಹೇಗೆ ಸುಖವೋ ಹಾಗೆ, ಹಾಲ್ ತುಂಬ ಕೀಲುಗಳು ಮುಲುಗಿದವು, ನಾಗಮಣಿ ಗೋಡೆಗೆ ಒರಗಿದಳು, ಮಂಜುಳಮ್ಮ ಕಂಬದ ಮರೆಯಿಂದ ಇಣುಕಿದಳು. ಏಕಾಂತಯ್ಯ ಬಲಗಾಲು ಮಡಿಸಿದರು, ಸಲೀಸಾಗಿ ಬಂತು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ತೊಡೆ ಮೇಲೆ ಇಟ್ಟುಕೊಂಡರು, ಮೂಟೆ ಹೊತ್ತು ಹೊತ್ತು ಕೆಟ್ಟ ಕಾಲು ಅದು, ಮಂಡಿ ಮಾತ್ರ ನೆಲಕ್ಕೆ ಬರಲಿಲ್ಲ, ಗಾಳಿಯಲ್ಲಿ ನಿಂತಿತು, ಅವರು ಅದರ ಮೇಲೆ ಅಂಗೈ ಇಟ್ಟು ಒತ್ತಿದರು, ಕತ್ತಿನ ನರ ಉಬ್ಬಿತು, ಮಂಡಿ ನಡುಗಿತು. ಮೇಡಂ ಮಡಿಸಿದ ಕಂಬಳಿ ತಂದು ಕೆಳಗೆ ತೂರಿಸಿದರು, ಅವರು ಅದನ್ನು ಎಳೆದು ಪಕ್ಕಕ್ಕೆ ಹಾಕಿದರು. ಬಲವಂತ ಮಾಡ್ಬೇಡಿ ಏಕಾಂತಯ್ಯನವರೇ, ದಿನಾ ಇದೇ ಆಯ್ತು ನಿಮ್ದು, ಕುರ್ಚಿ ಮೇಲೆ ಕೂತರೂ ಧ್ಯಾನ ಧ್ಯಾನವೇ. ಕಿವಿ ಕೇಳಿಸದವರು ಮೆಲ್ಲಗೆ ಆಡುತ್ತೇನೆಂದುಕೊಂಡು ಆಡುವ ಮಾತು, ಕೊನೇ ಸಾಲಿಗೂ ಬರುತ್ತದೆ, ಅವರಿಗೆ ಕೇಳಿಸಲೆಂದು ಏಕಾಂತಯ್ಯನೂ ದನಿ ಎತ್ತಬೇಕಾಯಿತು. ಧ್ಯಾನಕ್ಕಲ್ಲ ಮೇಡಂ. ಮತ್ತೆ ಯಾಕೆ ಅಂದರು ಮೇಡಂ. ನಮ್ಮೋರಲ್ಲಿ ಸತ್ತ ಮೇಲೆ ಕೂರಿಸ್ತಾರೆ. ಹೌದಾ, ನಮ್ಮಲ್ಲಿ ಮಲಗಿಸೋದು, ಅದಕ್ಕೂ ಇದಕ್ಕೂ ಏನು. ಏಕಾಂತಯ್ಯ ಲೆಕ್ಕ ಒಪ್ಪಿಸುವವರ ಹಾಗೆ ಅಂದರು, ಮೈ ಸೆಟೆದು ಹೋದ್ರೆ ಕೂರಲ್ಲ ಮೇಡಂ, ಆಗ ಬಗ್ಗಿಸ್ಬೇಕಾಯ್ತದೆ, ನಮ್ಮಣ್ಣಂಗೆ ನಾನೇ ಹಿಡ್ಕೊಂಡಿದ್ದೆ, ಆ ಕೆಲ್ಸ ನನ್ನ ಮಗನ ಕೈಲಿ ಆಗಲ್ಲ, ಮೃದು ಅವ್ನು, ಅದಕ್ಕೇ ಈಗ್ಲೇ ಕಾಲು ಪಳಗಿಸ್ತಿದ್ದೀನಿ. ಇನ್ನೂ ಒಂದು ಮಾತು ಬಾಕಿ ಇತ್ತು. ನಮ್ಮನೆಯವ್ಳು ಬಾಗ್ಲಾಚೆ ನಿಂತಿರ್ತಾಳೆ. ಅವ್ಳಿಗೆ ಆ ಸದ್ದು ಕೇಳಿಸ್ಬಾರ್ದು.

ಬಿದಿರಲ್ಲ. ವಿಮಾನ ಮಧ್ಯಾಹ್ನವೇ ಕಟ್ಟಿ ಮುಗಿದಿತ್ತು, ಬೀದಿಯಲ್ಲಿ ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದರು, ಅವಳೇ ಅದರ ಪಕ್ಕದಿಂದ ಒಳಗೆ ಬಂದಿದ್ದಳು, ಮುಚ್ಚಿದ ಕೋಣೆಯೊಳಗೆ ಬಿದಿರು ಯಾಕೆ ಬರುತ್ತದೆ, ಹಾಲಿನವನ ಅಳತೆ ಹಿಡಿಯುವವಳು, ಅಕ್ಕಿಗೆ ಕಲ್ಲು ಬೆರೆಸಿದ್ದನ್ನು ಮೂಟೆ ಬಿಚ್ಚುವ ಮುಂಚೆ ಹೇಳುವವಳು, ಅದೊಂದನ್ನು ಯಾಕೆ ನಂಬಿದಳು, ನಂಬಬೇಕಿತ್ತು ಅದಕ್ಕೆ ನಂಬಿದಳು. ಸೀರೆಯ ಸೀಳುಗಳು ಕಾಲಿಗೆ, ಎಡಮಂಡಿಯನ್ನು ಮಂಚದ ಕಾಲಿಗೆ ಕಟ್ಟಿ ಎಳೆಯಲು, ಮಧ್ಯಾಹ್ನ ಮಧ್ಯಾಹ್ನ, ಶಿವಾ ಅಂತ. ಮೇಡಂ ಕಂಬಳಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದರು, ತಮ್ಮ ಕನ್ನಡಕ ಒರೆಸಿಕೊಂಡರು, ನಾಗಮಣಿ ಏನಂತೆ ಮಂಜುಳಕ್ಕ, ಸಮಾಧಾನ ಆಯ್ತಾ ಅಂತ ಪಿಸುಗುಟ್ಟಿದಳು, ಯಾವ ಸಮಾಧಾನ, ಮಠವೂ ಇಲ್ಲ ಮಾಟವೂ ಇಲ್ಲ, ಆದರೆ ಅವಳು ತಪ್ಪು ತಿಳಿದದ್ದು ಎಲ್ಲಿ, ಹೊರಡುತ್ತಿದ್ದಾರೆ ಅಂದದ್ದು ನಿಜವೇ ಆಯಿತಲ್ಲ, ಎಲ್ಲಿಗೆ ಅನ್ನುವುದೊಂದು ತಪ್ಪಿತು. ಮಠವಾದರೆ ಹೋಗಿ ಕೈ ಹಿಡಿದು ಎಳೆದುಕೊಂಡು ಬರಬಹುದಿತ್ತು, ಸ್ವಾಮಿಗಳ ಮುಂದೆ, ಬುದ್ಧಿಯವರ ಮುಂದೆ ಕೂತು ಅತ್ತು ಕರೆದು ನ್ಯಾಯ ಕೇಳಬಹುದಿತ್ತು. ಮನೆಗೆ ಹೋದ ಮೇಲೆ ಬೈಯಬೇಕು, ರೀ ನನ್ನ ಸೀರೆ ಯಾಕ್ರೀ ಹರಿದ್ರಿ, ಕೇಳಿದ್ರೆ ಹಳೇ ಪಂಚೆ ಕೊಡ್ತಿರ್ಲಿಲ್ವಾ ಅಂತ, ಆದರೆ ಬೈದರೆ ಗೊತ್ತು ಅಂತ ಆಗುತ್ತದೆ, ಗೊತ್ತು ಅಂತಾದರೆ ಆ ಮನುಷ್ಯ ಮತ್ತೆ ನಲ್ಲಿ ಕೆಳಗೆ ಕೈ ಹಿಡಿದು ನಿಲ್ಲುತ್ತಾರೆ, ಬೇಡ, ಬಿದಿರು ಬಿದಿರಾಗಿಯೇ ಇರಲಿ, ಅವರಿಗಿಂತ ಮುಂಚೆ ಆಟೋ ಹಿಡಿದು ಮನೆ ಸೇರಬೇಕು, ಚೂಡಿದಾರ್ ಬಿಚ್ಚಿ ಸೀರೆ ಉಟ್ಟು ಉಪ್ಪಿಟ್ಟಿಗೆ ಇಡಬೇಕು. ಅವಳಿಗಿಂತ ಮುಂಚೆ ತಾನೇ ಹೋಗುವುದು ಅಂತ ಅವರಿಗೆ ಯಾರು ಹೇಳಿದರು, ಡಾಕ್ಟರ ಹತ್ತಿರ ಹೋಗಿದ್ದರೋ, ಹೋಗಿ ಮುಚ್ಚಿಟ್ಟಿದ್ದಾರೋ, ಇದೊಂದು ಹೊಸದು ಹತ್ತಿತು, ಶಿವಕಿರಣನಿಗೆ ಹೇಳಿ ತೋರಿಸಬೇಕು. ಕೊನೆಯಲ್ಲಿ ಒಂದೇ ಒಂದಕ್ಕೆ ಧನ್ಯವಾದ ಹೇಳಿ ಅಂತ ಮೇಡಂ ದನಿ, ದೊಡ್ಡದೇ ಆಗ್ಬೇಕು ಅಂತಿಲ್ಲ, ಕಣ್ಣ ಮುಂದೆ ಇರೋದು ಯಾವುದಾದ್ರೂ. ಎಲ್ಲರ ಕಣ್ಣೂ ಮುಚ್ಚಿದೆ, ಅವಳದು ಎರಡೂ ತೆರೆದಿದೆ, ಕಣ್ಣ ಮುಂದೆ ಇರುವುದು ಆ ಮಂಡಿ. ನಾಗಮಣಿಯ ಗೃಹಪ್ರವೇಶದ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಅದು ನೆಲದಿಂದ ಪೂರಾ ಒಂದು ಗೇಣು, ಹನ್ನೆರಡು ಬೆರಳು, ಮೇಲಿತ್ತು, ಪಕ್ಕದ ಎಲೆಯವರು ನಕ್ಕಿದ್ದರು, ಇವರು ನಾಚಿ ಎದ್ದು ಮೇಜಿಗೆ ಹೋಗಿದ್ದರು. ಈಗ ಅಷ್ಟಿಲ್ಲ. ಅವಳು ಕೂತಲ್ಲಿಂದಲೇ ಕೈ ಚಾಚಿ ಒಂದು ಕಣ್ಣು ಮುಚ್ಚಿ ಬೆರಳು ಜೋಡಿಸಿ ಅಳೆದಳು, ದೂರದ ಅಳತೆ, ಆದರೂ ಅವಳ ಕಣ್ಣು ತಪ್ಪುವುದಿಲ್ಲ, ಮಂಡಿ, ಕೆಳಗೆ ಹಸಿರು ಚಾಪೆ, ನಡುವೆ ಕಿಟಕಿಯ ಬೆಳಕು ಹಾದು ಬರುವಷ್ಟು ಜಾಗ, ಅದು ಮುಚ್ಚಿದ ದಿನ ಆ ಮನುಷ್ಯ ತಯಾರು, ಮುಚ್ಚಬಾರದು, ಮುಚ್ಚದಿದ್ದರೆ ಆ ಸದ್ದು, ಅವರು ಮತ್ತೆ ಒತ್ತುತ್ತಿದ್ದಾರೆ, ಮಂಡಿ ನಡುಗುತ್ತಿದೆ, ಇಳಿಯಲಿಲ್ಲ, ಇವತ್ತಿಗೆ ಇಳಿಯಲಿಲ್ಲ, ಧನ್ಯವಾದ ಹೇಳುವುದಾದರೆ ಆ ಜಾಗಕ್ಕೇ ಹೇಳಬೇಕು. ಗೇಣಿನಲ್ಲಿ ಎಂಟು ಬೆರಳು ಹೋಗಿದೆ. ನಾಲ್ಕು ಉಳಿದಿದೆ.